ಬೇ ಎಲೆಯ ತುದಿಯ ಕಪ್ಪು: ನಮ್ಮ ಬೆಟ್ಟಗಳ ಓಕ್ ಕಾಡಿನ ಆರೋಗ್ಯ ತಪಾಸಣೆ

ಸ್ಯಾನ್ ಹೊಸೆಯಿಂದ ಸ್ಯಾರಟೋಗ ದಾಟಿ ಸಾಂತಾ ಕ್ರೂಜ್ ಬೆಟ್ಟ ಹತ್ತಿದರೆ ಸ್ಯಾನ್‌ಬಾರ್ನ್, ಕ್ಯಾಸಲ್ ರಾಕ್, ಇನ್ನೂ ಮುಂದೆ ಹೋದರೆ ಬಿಗ್ ಬೇಸಿನ್. ಊರಿನಿಂದ ಅಪ್ಪ ಅಮ್ಮ ಬಂದಾಗ ನಾವೆಲ್ಲ ಅವರನ್ನು ರೆಡ್‌ವುಡ್ ತೋರಿಸಲು ಕರೆದೊಯ್ಯುವ ಜಾಗಗಳು. ತಲೆಯೆತ್ತಿ ಆ ದೈತ್ಯ ಮರಗಳನ್ನೇ ನೋಡುವುದರಿಂದ ಪಕ್ಕದಲ್ಲಿರುವ ಮೂರು ಸಾಧಾರಣ ಮರಗಳು ಕಣ್ಣಿಗೆ ಬೀಳುವುದಿಲ್ಲ: ಕೋಸ್ಟ್ ಲೈವ್ ಓಕ್, ಟ್ಯಾನ್‌ಓಕ್, ಬೇ ಲಾರೆಲ್. ಈ ಕಾಡಿನ ಆರೋಗ್ಯ ತಿಳಿಯಬೇಕಾದರೆ ನೋಡಬೇಕಾದದ್ದು ಇವನ್ನೇ.

1990ರ ದಶಕದ ನಡುವಿನಲ್ಲಿ ಗೋಲ್ಡನ್ ಗೇಟ್ ಸೇತುವೆಯಾಚೆಯ ಮರಿನ್ ಕೌಂಟಿಯಲ್ಲಿ ಟ್ಯಾನ್‌ಓಕ್‌ಗಳು ಸಾಯತೊಡಗಿದವು, ಬೆನ್ನಿಗೇ ಲೈವ್ ಓಕ್‌ಗಳೂ. ಕೆಲವೇ ವಾರಗಳಲ್ಲಿ ಇಡೀ ಮರದ ಎಲೆ ಕಂದಾಗುತ್ತಿತ್ತು. ಹಾಗಾಗಿ ಇದಕ್ಕೆ ಸಡನ್ ಓಕ್ ಡೆತ್, ಅಂದರೆ ಓಕ್‌ನ ದಿಢೀರ್ ಸಾವು ಎಂಬ ಹೆಸರು ಬಿತ್ತು. ನಿಜಕ್ಕೂ ದಿಢೀರ್ ಏನಲ್ಲ. ಎಲೆ ಒಣಗುವ ಹೊತ್ತಿಗೆ ರೋಗ ತೊಗಟೆಯೊಳಗೆ ಸೇರಿ ವರ್ಷಗಳೇ ಆಗಿರುತ್ತವೆ. 2000ದಲ್ಲಿ ಡೇವಿಸ್ ವಿಶ್ವವಿದ್ಯಾಲಯದ ಡೇವಿಡ್ ರಿಝೊ ಮತ್ತು ಬರ್ಕ್ಲಿಯ ಮಟೆಯೊ ಗಾರ್ಬೆಲೊಟ್ಟೊ ಇದಕ್ಕೆ ಕಾರಣವಾದ ಜೀವಿಯನ್ನು ಗುರುತಿಸಿದರು. ಅದರ ಹೆಸರು ಫೈಟಾಫ್ಥೊರ ರಮೋರಮ್. ಹೊರದೇಶದ ಅಲಂಕಾರದ ಗಿಡಗಳ ಜೊತೆ, ನರ್ಸರಿಗಳ ಮೂಲಕ ಇಲ್ಲಿಗೆ ಬಂದಿಳಿದದ್ದು ಅದು.

ಫೈಟಾಫ್ಥೊರ ಎಂದ ಕೂಡಲೇ ಅಡಿಕೆ ಸೀಮೆಯ ನನ್ನಂಥವರ ಕಿವಿ ನಿಮಿರುತ್ತದೆ. ನಮ್ಮ ಕೊಳೆರೋಗ ಇದೇ ಕುಲದ್ದು. ಆಷಾಢದ ಜಡಿಮಳೆಯಲ್ಲಿ ಎಳೆಯ ಅಡಿಕೆ ಕೊಳೆತು ಉದುರಿ, ತೋಟದ ತುಂಬ ಹರಡಿ ಬಿದ್ದಿರುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಕೊಳೆಯನ್ನು ಅಧ್ಯಯನ ಮಾಡಿ 1910ರಲ್ಲಿ ಅದರ ವಿವರ ಪ್ರಕಟಿಸಿದರು. ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ರೈತರು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವುದಕ್ಕೆ ತಿರುಗಿದ್ದರಲ್ಲಿ ಅವರ ಪಾಲು ದೊಡ್ಡದು. 1845ರ ಐರ್ಲೆಂಡಿನ ಆಲೂಗಡ್ಡೆ ಕ್ಷಾಮಕ್ಕೆ ಕಾರಣವಾದದ್ದೂ ಈ ಕುಲದ ಇನ್ನೊಂದು ಜೀವಿಯೇ.

ನೋಡಲು ಬೂಷ್ಟಿನಂತಿದ್ದರೂ ಇದು ನಿಜವಾದ ಶಿಲೀಂಧ್ರವಲ್ಲ, ನೀರಿನ ಜೀವಿ. ಇದರ ಬೀಜಕಣಗಳಿಗೆ ಬಾಲವಿದೆ, ಎಲೆಯ ಮೇಲಿನ ತೆಳು ನೀರಿನ ಪದರದಲ್ಲೇ ಈಜುತ್ತವೆ. ಹನಿ ಸಿಡಿದರೆ ಪಕ್ಕದ ಮರಕ್ಕೆ ಹಾರುತ್ತವೆ. ಊರಿನಲ್ಲಿ ಅದರ ಕಾಲ ಜೂನ್‌ನಿಂದ ಸೆಪ್ಟೆಂಬರ್. ಇಲ್ಲಿ ಚಳಿಗಾಲದ ಮಳೆ ನಿಲ್ಲುವ ಮೊದಲೇ ಬಿಸಿಲು ಬೆಚ್ಚಗಾಗುವ ವಸಂತ.

ಈ ರೋಗದ ವಿಚಿತ್ರ ಇರುವುದು ಮುಂದೆ. ಸಾಯುವ ಲೈವ್ ಓಕ್ ರೋಗವನ್ನು ಹರಡುವುದಿಲ್ಲ. ಅದರ ತೊಗಟೆಯಲ್ಲಿ ಕಪ್ಪು ಕೆಂಪು ರಸ ಸೋರುತ್ತದೆಯೇ ಹೊರತು ಬೀಜಕಣ ಹುಟ್ಟುವುದಿಲ್ಲ. ಹರಡುವುದು ಬೇ ಲಾರೆಲ್. ಅದರ ಎಲೆಯ ಮೇಲೆ ಬೀಜಕಣಗಳು ಲೆಕ್ಕವಿಲ್ಲದಷ್ಟು ಬೆಳೆಯುತ್ತವೆ, ಆದರೆ ಮರಕ್ಕೆ ಏನೂ ಆಗುವುದಿಲ್ಲ. ಟ್ಯಾನ್‌ಓಕ್‌ನದು ಎರಡೂ ಕಡೆಯ ಪಾಡು, ಹರಡುತ್ತದೆ, ಸಾಯುತ್ತದೆ ಕೂಡ. ಆದ್ದರಿಂದ ಸತ್ತ ಓಕ್‌ಗಳನ್ನು ವಿಮಾನದಿಂದ ಎಣಿಸಿದರೆ ಸಿಗುವುದು ಹಳೆಯ ಸುದ್ದಿ. ಈ ವರ್ಷ ರೋಗ ಎಲ್ಲಿದೆ ಎಂದು ತಿಳಿಯಲು ಹಸಿರಾಗಿ ನಿಂತಿರುವ ಬೇ ಮರವನ್ನು ಪರೀಕ್ಷಿಸಬೇಕು.

ಅದಕ್ಕಾಗಿ ಗಾರ್ಬೆಲೊಟ್ಟೊ ಅವರ ಬರ್ಕ್ಲಿ ಪ್ರಯೋಗಾಲಯ 2008ರಲ್ಲಿ ಸಾಡ್ ಬ್ಲಿಟ್ಜ್ ಎಂಬ ಸಮೀಕ್ಷೆ ಶುರುಮಾಡಿತು. ಪ್ರತಿ ವಸಂತದಲ್ಲಿ ಸಾರ್ವಜನಿಕರಿಗೆ ಸ್ವಲ್ಪ ಹೊತ್ತು ತರಬೇತಿ ಕೊಟ್ಟು, ಕವರ್ ಕೊಟ್ಟು ಕಳಿಸುತ್ತಾರೆ. ಬೇ ಎಲೆಯ ತುದಿ ನೋಡಬೇಕು. ನೀರು ಇಳಿದು ನಿಲ್ಲುವುದು ಅಲ್ಲೇ, ರೋಗ ಹಿಡಿಯುವುದೂ ಅಲ್ಲೇ. ಅಂಚು ಡೊಂಕಾದ ಕಡುಕಂದು ಕಲೆ, ಅದರಾಚೆ ಹಳದಿ ಛಾಯೆ ಇದ್ದರೆ ಅಂಥ ಎಲೆಗಳನ್ನು ಕಿತ್ತು, ಮರ ಇರುವ ಜಾಗವನ್ನು ಗುರುತುಹಾಕಿ ಕವರಿಗೆ ಹಾಕುವುದು. ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆಯಾಗಿ, ಶರತ್ಕಾಲದ ಹೊತ್ತಿಗೆ ಫಲಿತಾಂಶ ನಕ್ಷೆಯ ಮೇಲೆ ಬರುತ್ತದೆ. ಬಿಸಿಲಿಗೆ ಸುಟ್ಟ ಎಲೆಗೂ ರೋಗದ ಎಲೆಗೂ ವ್ಯತ್ಯಾಸ ಕಂಡುಹಿಡಿಯುವುದರಲ್ಲಿ ನಮ್ಮ ಮಕ್ಕಳ ಕಣ್ಣು ನನ್ನದಕ್ಕಿಂತ ಚುರುಕು. (ಎಲೆಯ ಘಾಟಿಗೆ ಪಲಾವ್ ನೆನಪಾಗುವುದು ಸಹಜ. ಆದರೆ ಇದು ನಮ್ಮ ಪಲಾವ್ ಎಲೆಗಿಂತ ಬಹಳ ಖಾರ, ಮೇಲಾಗಿ ಪಾರ್ಕಿನಿಂದ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ.)

ನಕ್ಷೆಯನ್ನು ಎಚ್ಚರದಿಂದ ಓದಬೇಕು. ಸ್ವಯಂಸೇವಕರು ನಡೆಯುವುದು ಕಾಲುದಾರಿಯಲ್ಲಿ, ಹಾಗಾಗಿ ನಕ್ಷೆಯ ಚುಕ್ಕೆಗಳೂ ಕಾಲುದಾರಿಯ ಪಕ್ಕದಲ್ಲೇ. ಬರಗಾಲದ ವಸಂತದಲ್ಲಿ ರೋಗ ಸಿಗಲಿಲ್ಲವೆಂದರೆ ಅದು ಹೋಯಿತೆಂದು ಅರ್ಥವಲ್ಲ. 2012ರಿಂದ 2016ರ ಬರದಲ್ಲಿ ತಗ್ಗಿದ್ದ ರೋಗ ಮಳೆ ಬಂದಾಗ ಮತ್ತೆ ಏರಿತು. ಈ ಕೊರತೆ ತುಂಬಲು ಒಂದೇ ಜಾಗಕ್ಕೆ ವರ್ಷ ವರ್ಷವೂ ಮರಳಿ ಹೋಗಿ ಅವೇ ಮರಗಳನ್ನು ಅಳೆಯಬೇಕು. ದುಬಾರಿಯ, ಬೇಸರದ ಕೆಲಸ. ಅದರ ಬೆಲೆ ಗೊತ್ತಾದದ್ದು ಬಿಗ್ ಸರ್‌ನಲ್ಲಿ. ರಿಝೊ ತಂಡ ಅಲ್ಲಿ ಮರಗಳನ್ನು ಮೊದಲೇ ಎಣಿಸಿ ಇಟ್ಟಿತ್ತು. 2008ರಲ್ಲಿ ಅದೇ ಕಾಡಿಗೆ ಬೆಂಕಿ ಬಿತ್ತು. ಮತ್ತೆ ಎಣಿಸಿದಾಗ, ರೋಗದಿಂದ ಟ್ಯಾನ್‌ಓಕ್ ಸತ್ತು ಒಣಗಿದ್ದ ಕಡೆ ಬೆಂಕಿಗೆ ಜಗ್ಗದ ರೆಡ್‌ವುಡ್‌ಗಳೂ ಹೆಚ್ಚು ಸತ್ತಿದ್ದವು. ಮುಂಚಿನ ಲೆಕ್ಕ ಇರದಿದ್ದರೆ ಈ ನಂಟು ಯಾರಿಗೂ ತಿಳಿಯುತ್ತಿರಲಿಲ್ಲ. 2020ರ ಆಗಸ್ಟ್‌ನಲ್ಲಿ ಬಿಗ್ ಬೇಸಿನ್ ಸುಟ್ಟ ಹೊಗೆ ಕುಡಿದ ನಮಗೆ ಇದು ದೂರದ ವಿಷಯವಲ್ಲ.

ರೋಗ ಹತ್ತಿರ ಬಂದಿದೆ ಎಂದು ಗೊತ್ತಾದರೆ ಮಾಡುವುದೇನು? ಇನ್ನೂ ಆರೋಗ್ಯವಾಗಿರುವ ಓಕ್‌ಗೆ ಫಾಸ್ಫೊನೇಟ್ ಕೊಡಬಹುದು. ಕೊಡಗಿನಲ್ಲಿ ಕಾಳುಮೆಣಸಿನ ಸೊರಗು ರೋಗಕ್ಕೆ ಬಳಸುವ ಮದ್ದೇ. ಹಿಡಿದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಇನ್ನೊಂದು ದಾರಿ, ಹಳೆಯ ಓಕ್‌ನ ಹತ್ತಿರದ ಬೇ ಮರಗಳನ್ನು ಕಡಿಯುವುದು. ಮಿಡ್‌ಪೆನಿನ್ಸುಲಾ ಪ್ರಾದೇಶಿಕ ಬಯಲು ಸಂರಕ್ಷಣಾ ಜಿಲ್ಲೆ ಕೆಲವೆಡೆ ಹಾಗೆ ಮಾಡಿದೆ. ಸಂರಕ್ಷಿತ ಕಾಡಿನಲ್ಲಿ ಇಲ್ಲಿಯದೇ ಆದ ಮರಕ್ಕೆ ಕೊಡಲಿ ಹಾಕುವುದೇ ಎಂದು ಕೇಳುವವರಿದ್ದಾರೆ. ಬೆಟ್ಟವನ್ನೆಲ್ಲ ಬೋಳಿಸುವುದಾದರೆ ನಾನೂ ಬೇಡವೆನ್ನುತ್ತೇನೆ. ಇನ್ನೂರು ವರ್ಷದ ಒಂದು ಓಕ್‌ಗಾಗಿ ನಾಲ್ಕು ಎಳೆ ಬೇ ಮರ ಹೋದರೆ ಅದು ಸರಿಯಾದ ಲೆಕ್ಕ. ಓಲೋನಿ ಜನರ ಪೂರ್ವಜರು ಈ ಓಕ್‌ಗಳ ಕಾಯಿಯ ಒಗರನ್ನು ನೀರಿನಲ್ಲಿ ತೊಳೆದು, ಹಿಟ್ಟು ಮಾಡಿ ಉಂಡು ಬಾಳಿದವರು ಎಂಬುದೂ ಆ ಲೆಕ್ಕದಲ್ಲಿ ಸೇರಬೇಕು.

ಸಮೀಕ್ಷೆಗೆ ಹೋಗಲು ಆಗದವರೂ ಮಾಡಬಹುದಾದದ್ದು ಇದೆ. ಮಳೆಗಾಲದಲ್ಲಿ ಬೆಟ್ಟ ಹತ್ತಿಳಿದ ಮೇಲೆ ಶೂಗೆ ಮೆತ್ತಿದ ಕೆಸರಿನಲ್ಲೂ ಬೀಜಕಣ ಇರುತ್ತದೆ. ಕಾರಿನಲ್ಲಿ ಒಂದು ಹಳೆಯ ಬ್ರಷ್ ಇಟ್ಟುಕೊಂಡು, ಅಲ್ಲೇ ಪಾರ್ಕಿಂಗ್ ಜಾಗದಲ್ಲಿ ಕೆಸರು ಉಜ್ಜಿ ಬನ್ನಿ. ಕ್ಯಾಂಪಿಂಗ್‌ಗೆ ಹೋಗುವವರು ಸೌದೆಯನ್ನು ಅಲ್ಲಿಯೇ ಕೊಂಡು ಅಲ್ಲಿಯೇ ಉರಿಸಿ.