ಮೈಕ್ರೋವೇವ್ ಒಲೆಯೊಳಗೊಂದು ಮೂಸೆ

ಮೈಕ್ರೋವೇವ್ ಒಲೆ ಮನೆಗೆ ಬಂದ ದಿನ ಎಲ್ಲರೂ ಕಲಿಯುವ ಮೊದಲ ಪಾಠ, ಒಳಗೆ ಸ್ಟೀಲ್ ಪಾತ್ರೆ ಇಡಬಾರದು ಎಂಬುದು. ಅದೇ ಒಲೆಯಲ್ಲಿ ಬೆಳ್ಳಿ, ಕಂಚು ಕರಗಿಸಿ ಉಂಗುರ, ಪದಕ, ಬೆರಳುದ್ದದ ವಿಗ್ರಹಗಳನ್ನು ಎರಕ ಹೊಯ್ಯುವ ಹವ್ಯಾಸಿಗಳು ಪಶ್ಚಿಮದ ದೇಶಗಳಲ್ಲಿ ಎರಡು ದಶಕಗಳಿಂದ ಇದ್ದಾರೆ. ಅವರ ಬಳಿ ತಿದಿಯಿಲ್ಲ, ಇದ್ದಿಲಿಲ್ಲ, ಗ್ಯಾಸಿನ ಬರ್ನರ್ ಇಲ್ಲ. ಇರುವುದು ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಒಲೆ, ಗೋಡೆಯ ಪ್ಲಗ್ಗು, ಕೈಯಾರೆ ಮಾಡಿಕೊಂಡ ಒಂದು ಮೂಸೆ. ಈ ಕಸುಬಿನ ಗುಟ್ಟೆಲ್ಲ ಅಡಗಿರುವುದು ಆ ಮೂಸೆಯಲ್ಲಿ.

ಒಲೆಯ ಹೃದಯ ಮ್ಯಾಗ್ನೆಟ್ರಾನ್. 1940ರಲ್ಲಿ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಅದಕ್ಕೆ ಹೊಸ ರೂಪ ಕೊಟ್ಟದ್ದು ಯುದ್ಧದ ರೇಡಾರಿಗಾಗಿ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಅದನ್ನು ಅಡುಗೆಯತ್ತ ತಿರುಗಿಸಿದರು. ಮನೆಯ ಒಲೆಯಲ್ಲಿ ಅದು ಹೊಮ್ಮಿಸುವ ಅಲೆಗಳ ಕಂಪನಾಂಕ 2.45 ಗಿಗಾಹರ್ಟ್ಸ್, ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗಟ್ಟಿ ಲೋಹ ಈ ಅಲೆಗಳನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸಿಬಿಡುತ್ತದೆ. ತಾಮ್ರದ ತುಂಡಿನೊಳಕ್ಕೆ ಅವು ಇಳಿಯುವುದು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಫೋರ್ಕಿನ ಮೊನೆ, ಅಲ್ಯೂಮಿನಿಯಂ ಹಾಳೆಯ ಅಂಚಿನಂಥ ಚೂಪು ಜಾಗಗಳಲ್ಲಿ ವಿದ್ಯುತ್ ಒಟ್ಟುಗೂಡಿ ಕಿಡಿ ಹಾರುತ್ತದೆ.

ಹಾಗಾದರೆ ಲೋಹ ಕರಗುವುದು ಹೇಗೆ? ಸಿಲಿಕಾನ್ ಕಾರ್ಬೈಡ್ ಎಂಬ ಕಪ್ಪು ಪುಡಿಯಿಂದ. ಸಾಣೆಚಕ್ರಗಳಲ್ಲಿ, ಉಜ್ಜುಕಾಗದದಲ್ಲಿ ಇರುವ ಪುಡಿಯೇ ಅದು. ತಣ್ಣಗಿರುವಾಗಲೇ ಮೈಕ್ರೋವೇವ್ ಅಲೆಗಳನ್ನು ಹೀರಿ ನಿಮಿಷಗಳೊಳಗೆ ಕೆಂಪಗೆ ಕಾಯುವ ಗುಣ ಅದಕ್ಕಿದೆ. ಅದನ್ನು ಸೋಡಿಯಂ ಸಿಲಿಕೇಟ್ ಅಥವಾ ಬೆಂಕಿ ತಡೆಯುವ ಸಿಮೆಂಟಿನಲ್ಲಿ ಕಲಸಿ ಮೂಸೆಗೆ ಬಳಿಯುತ್ತಾರೆ, ಇಲ್ಲವೇ ಮೂಸೆಯನ್ನೇ ಅದರಿಂದ ಕಟ್ಟುತ್ತಾರೆ. ಅಲೆಗಳು ಮೂಸೆಯ ಗೋಡೆಯನ್ನು ಕಾಯಿಸುತ್ತವೆ, ಗೋಡೆ ಒಳಗಿನ ಲೋಹವನ್ನು ಕಾಯಿಸುತ್ತದೆ. ಲೋಹಕ್ಕೆ ತಲುಪುವುದು ಹಳೆಯ ಕುಲುಮೆಯಲ್ಲಿದ್ದಂಥದೇ ಶಾಖ. ಅದು ಬರುವ ದಾರಿ ಮಾತ್ರ ಬೇರೆ.

ಮೂಸೆಯ ಸುತ್ತ ಇನ್ನೊಂದು ಕವಚ ಬೇಕು. ಅಲ್ಯೂಮಿನಾ, ಸಿಲಿಕಾಗಳ ನಾರಿನಿಂದ ಮಾಡಿದ ಬಿಳಿ ಹಲಗೆಗಳನ್ನು ಜೋಡಿಸಿದ ಪುಟ್ಟ ಗೂಡು ಅದು. ಅಲೆಗಳು ಅದನ್ನು ಸಲೀಸಾಗಿ ದಾಟಿ ಒಳಹೋಗುತ್ತವೆ, ಶಾಖ ಮಾತ್ರ ಸುಲಭವಾಗಿ ಹೊರಬರಲಾರದು. ತಿರುಗುವ ಗಾಜಿನ ತಟ್ಟೆಯನ್ನು ತೆಗೆದು ಗೂಡನ್ನು ಅಗ್ನಿ ಇಟ್ಟಿಗೆಯ ತುಂಡುಗಳ ಮೇಲೆ ಎತ್ತರಿಸಿ ಇಡಬೇಕು. ಗಾಜು ಬಿಸಿಯಾದಷ್ಟೂ ಹೆಚ್ಚು ಅಲೆ ಹೀರುತ್ತದೆ, ಹೀರಿದಷ್ಟೂ ಇನ್ನೂ ಬಿಸಿಯಾಗುತ್ತದೆ, ಕೊನೆಗೆ ತಾನೇ ಕರಗಿ ಕೂರುತ್ತದೆ.

ಲೆಕ್ಕ ನೋಡಿದರೆ ಬೆರಗಾಗುತ್ತದೆ. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೂರು ಗ್ರಾಂ ಬೆಳ್ಳಿಯನ್ನು ಅಲ್ಲಿಗೆ ಮುಟ್ಟಿಸಿ ಕರಗಿಸಲು ಬೇಕಾದ ಶಕ್ತಿ ಹೆಚ್ಚುಕಡಿಮೆ 33 ಕಿಲೋಜೌಲ್. 800 ವಾಟಿನ ಒಲೆ ಒಂದು ನಿಮಿಷದಲ್ಲಿ ಅದಕ್ಕಿಂತ ಹೆಚ್ಚನ್ನೇ ಕೊಡುತ್ತದೆ. ಆದರೂ ವಾಸ್ತವದಲ್ಲಿ ಹತ್ತಾರು ನಿಮಿಷ ಹಿಡಿಯುತ್ತದೆ, ಏಕೆಂದರೆ ಮೂಸೆಯೂ ಗೂಡೂ ಕಾಯಬೇಕು, ಸೋರುವ ಶಾಖವನ್ನು ತುಂಬಿಕೊಡಬೇಕು. ಗೂಡು ಚಿಕ್ಕದಾಗಿ, ಬಿಗಿಯಾಗಿ ಇದ್ದಷ್ಟೂ ಕೆಲಸ ಬೇಗ. 1538 ಡಿಗ್ರಿ ಬೇಡುವ ಕಬ್ಬಿಣದ ಗೊಡವೆ ಹೊಸಬರಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಮೊದಲು 232 ಡಿಗ್ರಿಗೇ ಕರಗುವ ತವರ, ಆಮೇಲೆ ಬೆಳ್ಳಿ, ಕಂಚು.

ವಿಜ್ಞಾನಿಗಳೂ ಈ ದಾರಿಯಲ್ಲಿ ನಡೆದಿದ್ದಾರೆ. ರಾಂಚಿಯಲ್ಲಿ ಹುಟ್ಟಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ ರುಸ್ತುಂ ರಾಯ್ ಮತ್ತು ಸಂಗಡಿಗರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಮುಖ್ಯ ಸಂಗತಿ ಪ್ರಕಟಿಸಿದರು. ಗಟ್ಟಿ ಲೋಹ ಹಿಂದೂಡುವ ಅಲೆಗಳನ್ನು ಲೋಹದ ಪುಡಿ ಹೀರಿಕೊಳ್ಳುತ್ತದೆ. ಪುಡಿಯನ್ನು ಒತ್ತಿ ಮಾಡಿದ ಬಿಡಿಭಾಗಗಳನ್ನು ಮೈಕ್ರೋವೇವ್‌ನಲ್ಲಿ ಪೂರ್ತಿ ಬೆಸೆಯಬಹುದು. ಯುರೇನಿಯಂ ಕೆಲಸಕ್ಕೆ ಹೆಸರಾದ ಟೆನೆಸಿಯ ಓಕ್‌ರಿಜ್‌ನ ವೈ-12 ಸ್ಥಾವರದಲ್ಲಿ ದೊಡ್ಡ ಮೈಕ್ರೋವೇವ್ ಕೋಣೆಗಳಲ್ಲಿ ಲೋಹ ಕರಗಿಸಿ ಅಚ್ಚಿಗಿಳಿಸುವ ವಿಧಾನ ಬೆಳೆಯಿತು. ನಮ್ಮಲ್ಲಿ ರೂರ್ಕಿಯ ಐಐಟಿ, ಸುರತ್ಕಲ್‌ನ ಎನ್‌ಐಟಿಕೆಯ ಸಂಶೋಧಕರು ಉಕ್ಕಿನ ಮೇಲೆ ಸವೆತ ತಡೆಯುವ ಲೋಹದ ಲೇಪವನ್ನು ಮೈಕ್ರೋವೇವ್ ಶಾಖದಿಂದಲೇ ಕೂರಿಸಿ ತೋರಿಸಿದ್ದಾರೆ.

ಕರಗಿಸುವುದು ಅರ್ಧ ಕೆಲಸ. ಅಚ್ಚಿನ ವಿಷಯಕ್ಕೆ ಬಂದರೆ ಈ ಹೊಸ ಹವ್ಯಾಸ ನೇರ ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತದೆ. ಮೇಣದಲ್ಲಿ ಆಕಾರ ತಿದ್ದಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಪೊಳ್ಳಿಗೆ ಲೋಹ ಹೊಯ್ಯುವ ವಿಧಾನವನ್ನು 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಹಂತಹಂತವಾಗಿ ವಿವರಿಸಿದ್ದಾನೆ. ಮೇಣವನ್ನು ಮೊದಲೇ ತೂಗಿಟ್ಟುಕೊಂಡು ಅದರ ಇಷ್ಟು ಪಟ್ಟು ಲೋಹ ತೆಗೆದುಕೊಳ್ಳಬೇಕೆಂಬ ಸೂಚನೆಯೂ ಅಲ್ಲಿದೆ. ಬೇರೆ ಬೇರೆ ಲೋಹಕ್ಕೆ ಬೇರೆ ಬೇರೆ ಪಟ್ಟು. ಇಂದಿಗೂ ಮನೆಯಲ್ಲಿ ಎರಕ ಹೊಯ್ಯುವವರು ಮಾಡುವುದು ಇದನ್ನೇ: ಜೇನುಮೇಣದ ಸಾಂದ್ರತೆ ಸುಮಾರು 0.96, ಬೆಳ್ಳಿಯದು 10.5, ಆದ್ದರಿಂದ ಮೇಣದ ಹನ್ನೊಂದು ಪಟ್ಟು ಬೆಳ್ಳಿ, ಜೊತೆಗೆ ಅಚ್ಚಿನೊಳಕ್ಕೆ ಲೋಹ ಹರಿಯುವ ಕಾಲುವೆಯಲ್ಲಿ ನಿಲ್ಲುವುದಕ್ಕೆ ಇನ್ನಷ್ಟು. ಲೋಹ ಕಡಿಮೆ ಬಿದ್ದು ಅರ್ಧಕ್ಕೇ ನಿಂತ ಎರಕವನ್ನು ಆಮೇಲೆ ತುಂಬಿಸಲಾಗದು. ಕರಗಿದ ಬೆಳ್ಳಿಯ ಮೇಲೆ ಚಿಟಿಕೆ ಬಿಳಿಗಾರ ಉದುರಿಸಿದರೆ ಕಲ್ಮಶ ಅದಕ್ಕಂಟಿ ಬದಿಗೆ ಸರಿಯುತ್ತದೆ. ಮುಖ ಹೊಳೆಯಿತೆಂದರೆ ಹೊಯ್ಯುವ ಹದ. ಇದನ್ನು ಅಕ್ಕಸಾಲಿಗರು ಎಂದಿನಿಂದಲೂ ಬಲ್ಲರು.

ಅಪಾಯದ ಮಾತನ್ನು ಒಂದೂ ಬಿಡದೆ ಹೇಳಬೇಕು. ಲೋಹಕ್ಕೆ ಬಳಸಿದ ಒಲೆಯಲ್ಲಿ ಮುಂದೆಂದೂ ಅನ್ನ ಬಿಸಿ ಮಾಡಕೂಡದು. ಒಲೆಯ ಹೊರಕವಚ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಹಿತ್ತಾಳೆಯಲ್ಲಿರುವ ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ, ಅದನ್ನು ಉಸಿರಾಡಿದವರಿಗೆ ಚಳಿಜ್ವರ. ಸೀಸವನ್ನು ಮುಟ್ಟುವುದೇ ಬೇಡ. ನಾರಿನ ಹಲಗೆ ಕೊಯ್ಯುವಾಗ ಏಳುವ ದೂಳು ಶ್ವಾಸಕೋಶ ಸೇರದಂತೆ ಒಳ್ಳೆಯ ಮುಖಗವಸು ಕಟ್ಟಬೇಕು. ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಅಚ್ಚಿನಲ್ಲಿ ಹನಿ ತೇವ ಉಳಿದರೂ ಅದು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಮುಖಕ್ಕೆ ಸಿಡಿಸುತ್ತದೆ. ಕಾಂಕ್ರೀಟ್ ನೆಲದೊಳಗೂ ತೇವವಿರುತ್ತದೆ, ಆದ್ದರಿಂದ ಒಣಮರಳು ಹರಡಿದ ತಟ್ಟೆಯ ಮೇಲೆಯೇ ಹೊಯ್ಯಬೇಕು. ಮುಖದ ಕವಚ, ಚರ್ಮದ ಕೈಗವಸು, ಹತ್ತಿಯ ಬಟ್ಟೆ ಇಲ್ಲದೆ ಇಕ್ಕಳ ಹಿಡಿಯಬಾರದು. ಅನುಭವಿಯೊಬ್ಬರ ಪಕ್ಕದಲ್ಲಿ ನಿಂತು ಕಲಿಯುವುದೇ ಸರಿಯಾದ ದಾರಿ, ಅದೂ ಅಡುಗೆಮನೆಯಲ್ಲಲ್ಲ, ಗಾಳಿಯಾಡುವ ಬಯಲು ಜಾಗದಲ್ಲಿ.

ಈ ಒಲೆ ವಿಗ್ರಹ ಎರೆಯುವ ನಾಗಮಂಗಲದ ಕುಲುಮೆಗಳ ಜಾಗಕ್ಕೆ ಬರಲಾರದು. ಕಿಲೋಗಟ್ಟಲೆ ಲೋಹ ಬೇಡುವ ವಿಗ್ರಹಕ್ಕೆ ಅಷ್ಟಗಲದ ಬೆಂಕಿಯೇ ಬೇಕು. ಆದರೆ ಆಭರಣ ವಿನ್ಯಾಸ ಕಲಿಯುವವರಿಗೆ, ಲೋಹಶಾಸ್ತ್ರ ಓದುವ ಮಕ್ಕಳಿಗೆ, ಒಂದು ಹಿಡಿ ಬೆಳ್ಳಿಯಿಂದ ಮಾದರಿಯೊಂದನ್ನು ಇವತ್ತೇ ಎರೆದು ತಪ್ಪು ಕಂಡರೆ ನಾಳೆ ಮತ್ತೆ ಕರಗಿಸಬೇಕೆನ್ನುವವರಿಗೆ ಇದಕ್ಕಿಂತ ಅಗ್ಗದ ಕುಲುಮೆ ಸಿಗುವುದು ಕಷ್ಟ. ಕಾಲೇಜುಗಳ ವರ್ಕ್‌ಶಾಪಿನಲ್ಲಿ ಮೇಷ್ಟ್ರ ಕಣ್ಣೆದುರಿಗೆ ಇಂಥದ್ದೊಂದು ಇರಲೆಂದು ನಾನಂತೂ ಬಯಸುತ್ತೇನೆ.