ಹೊಂದದ ಕನ್ನಡಕ: ಅಳತೆಯ ದೋಷ ಮತ್ತು ಗ್ರಾಹಕರ ಹಕ್ಕು

ಕನ್ನಡಕ ಅಂಗಡಿಯಲ್ಲಿ ದೊರೆಯುವ ಸರಕೇ ಆದರೂ ಅದು ಸಿದ್ಧವಸ್ತುವಲ್ಲ. ಧರಿಸುವವರ ಕಣ್ಣಿನ ಪವರ್, ಮುಖದ ಅಳತೆ ಮತ್ತು ಆಯ್ದುಕೊಂಡ ಫ್ರೇಮು ಈ ಮೂರೂ ಕೂಡಿಬಂದಾಗ ಮಾತ್ರ ಅದು ಅವರ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಬಳ್ಳಾರಿ ರಸ್ತೆಗೆ ಹತ್ತಿರದ ಸಹಕಾರನಗರದಂತಹ ಬಡಾವಣೆಯ ನಿವಾಸಿಗಳು ದೊಡ್ಡ ಸಂಸ್ಥೆಗಳ ಮಳಿಗೆಯಲ್ಲಾಗಲಿ, ಪರಿಚಯದ ಸಣ್ಣ ಅಂಗಡಿಯಲ್ಲಾಗಲಿ, ಮೊಬೈಲ್ ಮೂಲಕವಾಗಲಿ ಕನ್ನಡಕ ಕೊಳ್ಳಬಹುದು. ಆದರೆ ಕೊಂಡದ್ದು ಹೊಂದದಿದ್ದಾಗ ನಡೆಯುವ ಮಾತುಕತೆ ಎಲ್ಲ ಕಡೆಯೂ ಒಂದೇ ಬಗೆಯದು: ಗ್ರಾಹಕರು ‘ಪವರ್ ಸರಿಯಿಲ್ಲ’ ಎನ್ನುತ್ತಾರೆ, ಮಾರಿದವರು ‘ಸ್ವಲ್ಪ ದಿನ ಹಾಕಿಕೊಳ್ಳಿ, ಅಭ್ಯಾಸವಾಗುತ್ತದೆ’ ಎನ್ನುತ್ತಾರೆ. ದೋಷ ನಿಜವಾಗಿ ಎಲ್ಲಿದೆ ಎಂಬುದನ್ನು ಈ ಎರಡು ಮಾತುಗಳೂ ಹೇಳುವುದಿಲ್ಲ. ಅದು ತಿಳಿಯದ ಹೊರತು ಕನ್ನಡಕವನ್ನು ಸರಿಪಡಿಸುವುದಾಗಲಿ ಹಿಂದಿರುಗಿಸುವುದಾಗಲಿ ಸುಲಭವಲ್ಲ.

ಕನ್ನಡಕ ಸಿದ್ಧವಾಗುವುದು ನಾಲ್ಕು ಹಂತಗಳಲ್ಲಿ. ಮೊದಲು ಕಣ್ಣಿನ ಪರೀಕ್ಷೆ, ಅನಂತರ ಮುಖದ ಅಳತೆ, ಬಳಿಕ ಲೆನ್ಸಿನ ತಯಾರಿಕೆ, ಕೊನೆಗೆ ಫ್ರೇಮಿಗೆ ಜೋಡಣೆ. ಮೂರನೆಯ ಹಂತ ಅನೇಕ ವೇಳೆ ಅಂಗಡಿಯಿಂದ ದೂರದ ಘಟಕದಲ್ಲಿ ನಡೆಯುತ್ತದೆ. ಟೈಟನ್ ಸಂಸ್ಥೆಯ ಕನ್ನಡಕ ವಿಭಾಗಕ್ಕೆ ಇಂಥದೊಂದು ಘಟಕ ಇದೇ ಬಳ್ಳಾರಿ ರಸ್ತೆಯಲ್ಲಿ ಮುಂದೆ ಸಿಗುವ ಚಿಕ್ಕಬಳ್ಳಾಪುರದಲ್ಲಿದೆ. ಘಟಕಕ್ಕೆ ತಲುಪುವುದು ಗ್ರಾಹಕರ ಮುಖವಲ್ಲ, ಅಂಗಡಿಯವರು ಬರೆದು ಕಳುಹಿಸಿದ ಅಂಕಿಗಳು ಮಾತ್ರವಾದ್ದರಿಂದ, ಎರಡನೆಯ ಹಂತದಲ್ಲಿ ತಪ್ಪಿದ ಅಳತೆ ಮುಂದಿನ ಎಲ್ಲ ಕೆಲಸ ನಿಖರವಾಗಿ ನಡೆದರೂ ಹಾಗೆಯೇ ಉಳಿಯುತ್ತದೆ.

ಆ ಅಳತೆಗಳಲ್ಲಿ ಮುಖ್ಯವಾದದ್ದು ಅಂಗಡಿಗಳಲ್ಲಿ ‘ಪಿ.ಡಿ.’ ಎಂದು ಕರೆಯಲಾಗುವ, ಎರಡು ಕಣ್ಣುಗಳ ಪಾಪೆಗಳ ನಡುವಿನ ಅಂತರ. ವಯಸ್ಕರಲ್ಲಿ ಇದು ಸರಾಸರಿ 63 ಮಿ.ಮೀ. ಇದ್ದರೂ ವ್ಯಕ್ತಿಯಿಂದ ವ್ಯಕ್ತಿಗೆ ಸಾಕಷ್ಟು ವ್ಯತ್ಯಾಸವಾಗುತ್ತದೆ. ವೈದ್ಯರ ಚೀಟಿಯಲ್ಲಿ ಇದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ಪ್ರತಿ ಲೆನ್ಸಿಗೂ ದೃಕ್ಕೇಂದ್ರ ಎಂಬ ಒಂದು ಬಿಂದುವಿದ್ದು, ಅಲ್ಲಿ ಹಾದುಹೋಗುವ ಬೆಳಕು ಪಕ್ಕಕ್ಕೆ ಬಾಗುವುದಿಲ್ಲ. ಆ ಬಿಂದು ಪಾಪೆಯ ನೇರಕ್ಕೆ ಬಾರದಿದ್ದರೆ ಲೆನ್ಸು ಪಟ್ಟಕದಂತೆ, ಅಂದರೆ ಪ್ರಿಸಮ್ಮಿನಂತೆ, ದೃಶ್ಯವನ್ನು ಸರಿಸುತ್ತದೆ. ಎಷ್ಟು ಸರಿಸುತ್ತದೆ ಎಂಬುದನ್ನು ಪ್ರೆಂಟಿಸ್ ನಿಯಮ ತಿಳಿಸುತ್ತದೆ: ಸೆಂಟಿಮೀಟರಿನಲ್ಲಿ ಅಳೆದ ಸ್ಥಾನದ ವ್ಯತ್ಯಾಸವನ್ನು ಲೆನ್ಸಿನ ಪವರಿನಿಂದ ಗುಣಿಸಿದರೆ ಪ್ರಿಸಮ್ ಡಯಾಪ್ಟರ್ ದೊರೆಯುತ್ತದೆ, 1 ಮೀಟರ್ ದೂರದಲ್ಲಿ ಬೆಳಕನ್ನು 1 ಸೆಂ.ಮೀ. ಸರಿಸುವ ಶಕ್ತಿಯೇ 1 ಪ್ರಿಸಮ್ ಡಯಾಪ್ಟರ್. ಎರಡೂ ಕಣ್ಣಿಗೆ −6 ಪವರ್ ಇರುವವರ ಕನ್ನಡಕದಲ್ಲಿ ಪಿ.ಡಿ. ಒಟ್ಟು 4 ಮಿ.ಮೀ. ತಪ್ಪಿದರೆ 2.4 ಪ್ರಿಸಮ್ ಡಯಾಪ್ಟರಿನಷ್ಟು ಅನಗತ್ಯ ಭಾರವನ್ನು ಕಣ್ಣಿನ ಸ್ನಾಯುಗಳು ಹೊರಬೇಕಾಗುತ್ತದೆ; ಅದೇ ತಪ್ಪು −1 ಪವರಿನಲ್ಲಿ ಕೇವಲ 0.4 ಆಗುವುದರಿಂದ ಗಮನಕ್ಕೇ ಬಾರದೆ ಹೋಗಬಹುದು. ಒಂದೇ ಅಂಗಡಿಯ ಒಂದೇ ಬಗೆಯ ಅಜಾಗರೂಕತೆ ಒಬ್ಬರಿಗೆ ತಲೆನೋವಾಗಿ ಇನ್ನೊಬ್ಬರಿಗೆ ಏನೂ ಅನ್ನಿಸದಿರುವುದಕ್ಕೆ ಕಾರಣ ಇದೇ.

ಲೆನ್ಸಿನ ಹಿಂಬದಿಗೂ ಕಣ್ಣಿಗೂ ನಡುವೆ ಇರುವ ಸುಮಾರು 12ರಿಂದ 14 ಮಿ.ಮೀ. ಅಂತರವೂ ಪವರಿನ ಮೇಲೆ ಪರಿಣಾಮ ಬೀರುತ್ತದೆ. ಫ್ರೇಮು ಮೂಗಿನಿಂದ ಜಾರಿ ಕಣ್ಣಿನಿಂದ ದೂರವಾದರೆ ಮೈನಸ್ ಲೆನ್ಸಿನ ಪರಿಣಾಮ ತಗ್ಗುತ್ತದೆ, ಪ್ಲಸ್ ಲೆನ್ಸಿನದು ಹೆಚ್ಚುತ್ತದೆ. −8 ಪವರಿನ ಕನ್ನಡಕ 4 ಮಿ.ಮೀ. ಜಾರಿದರೆ ಅದು ಸುಮಾರು −7.75ರಂತೆ ವರ್ತಿಸುತ್ತದೆ. ಕಣ್ಣಿನೊಳಗೆ ಕೃತಕ ಮಸೂರ ಇಡುವ ಪದ್ಧತಿ ವ್ಯಾಪಕವಾಗುವ ಮುನ್ನ, ನೇತ್ರತಜ್ಞ ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಸ್ತ್ರಚಿಕಿತ್ಸಾ ಶಿಬಿರಗಳ ಕಾಲದಲ್ಲಿ, ಪೊರೆ ತೆಗೆಸಿಕೊಂಡವರು ಧರಿಸುತ್ತಿದ್ದ +10ರ ಆಸುಪಾಸಿನ ದಪ್ಪ ಕನ್ನಡಕಗಳಲ್ಲಿ ಈ ಪರಿಣಾಮ ಇನ್ನೂ ಹೆಚ್ಚಾಗಿತ್ತು. ಆದ್ದರಿಂದ ಫ್ರೇಮಿನ ಹಿಡಿತವನ್ನು ಕೇವಲ ಅಂದದ ಮಾತೆಂದು ಭಾವಿಸಲಾಗದು. ಫ್ರೇಮಿನ ಕಡ್ಡಿಯ ಒಳಬದಿಯಲ್ಲಿ 52, 18, 140 ಎಂಬಂತೆ ಮುದ್ರಿತವಾಗಿರುವ ಅಂಕಿಗಳು ಕ್ರಮವಾಗಿ ಲೆನ್ಸಿನ ಅಗಲ, ಮೂಗಿನ ಸೇತುವೆಯ ಅಗಲ ಮತ್ತು ಕಡ್ಡಿಯ ಉದ್ದವನ್ನು ಮಿಲಿಮೀಟರಿನಲ್ಲಿ ಸೂಚಿಸುತ್ತವೆ. ಚೆನ್ನಾಗಿ ಹೊಂದಿದ ಹಳೆಯ ಕನ್ನಡಕದ ಈ ಅಂಕಿಗಳನ್ನು ಗುರುತಿಟ್ಟುಕೊಂಡರೆ ಹೊಸದರ ಆಯ್ಕೆ ಸುಲಭವಾಗುತ್ತದೆ.

ಚಾಳೀಸು ಬಂದ ಮೇಲೆ ದೂರ, ಮಧ್ಯ, ಸಮೀಪ ಮೂರಕ್ಕೂ ಒಂದೇ ಲೆನ್ಸು ಬೇಕೆನ್ನುವವರು ಕೊಳ್ಳುವ ಪ್ರೊಗ್ರೆಸಿವ್ ಲೆನ್ಸಿನಲ್ಲಿ ಎತ್ತರದ ಅಳತೆಯೂ ಸೇರಿಕೊಳ್ಳುತ್ತದೆ. ಪವರ್ ಮೇಲಿನಿಂದ ಕೆಳಕ್ಕೆ ಕ್ರಮೇಣ ಬದಲಾಗುವುದರಿಂದ, ಪಾಪೆ ಲೆನ್ಸಿನ ಯಾವ ಎತ್ತರಕ್ಕೆ ಬರುತ್ತದೆಂಬುದನ್ನು ಫ್ರೇಮನ್ನು ಮುಖದ ಮೇಲಿಟ್ಟೇ ಗುರುತಿಸಬೇಕು. ಓದಲು ಗದ್ದ ಎತ್ತಬೇಕಾದರೆ ಲೆನ್ಸು ಕೆಳಗೆ ಕೂತಿದೆಯೆಂದೂ, ದೂರ ನೋಡಲು ಗದ್ದ ತಗ್ಗಿಸಬೇಕಾದರೆ ಮೇಲೆ ಕೂತಿದೆಯೆಂದೂ ಊಹಿಸಬಹುದು. ಇಕ್ಕೆಲಗಳಲ್ಲಿ ಕೊಂಚ ಮಸುಕು ಕಾಣುವುದು ಮಾತ್ರ ಈ ಲೆನ್ಸಿನ ಸ್ವಭಾವವೇ ಹೊರತು ದೋಷವಲ್ಲ.

ದೋಷವನ್ನು ಮನೆಯಲ್ಲಿಯೇ ಸ್ಥೂಲವಾಗಿ ವಿಂಗಡಿಸಲು ಸಾಧ್ಯವಿದೆ. ಒಂದೊಂದೇ ಕಣ್ಣು ಮುಚ್ಚಿ ನೋಡಿದಾಗ ಒಂದು ಕಣ್ಣಿಗೆ ಮಸುಕಾದರೆ ಪವರಿನ ಮೇಲೆಯೋ ಸಿಲಿಂಡರಿನ (ಒಂದು ದಿಕ್ಕಿಗೆ ಮಾತ್ರ ಕೊಡುವ ಪವರಿನ) ಕೋನದ ಮೇಲೆಯೋ ಅನುಮಾನ ಪಡಬೇಕು; ಬೇರೆಬೇರೆಯಾಗಿ ಎರಡೂ ಸ್ಪಷ್ಟವಿದ್ದು ಕೂಡಿ ನೋಡಿದಾಗ ಮಾತ್ರ ಆಯಾಸವಾದರೆ ದೃಕ್ಕೇಂದ್ರದ ಮೇಲೆ; ಫ್ರೇಮನ್ನು ಬೆರಳಿನಿಂದ ಮೇಲಕ್ಕೆ ಒತ್ತಿದಾಗ ಸರಿಹೋದರೆ ಹಿಡಿತದ ಮೇಲೆ. ಕೊನೆಯದನ್ನು ಮೂಗಿನ ಪ್ಯಾಡು ಮತ್ತು ಕಡ್ಡಿಗಳನ್ನು ಬಗ್ಗಿಸಿ ಅಂಗಡಿಯಲ್ಲೇ ಸರಿಪಡಿಸಬಹುದು. ಉಳಿದವಕ್ಕೆ ಸಿದ್ಧ ಕನ್ನಡಕದ ಪವರ್ ಮತ್ತು ದೃಕ್ಕೇಂದ್ರವನ್ನು ಅಳೆಯುವ ಲೆನ್ಸೊಮೀಟರ್ ಎಂಬ ಉಪಕರಣದ ತಪಾಸಣೆ ಬೇಕು. ಪವರ್ ಚೀಟಿಯೊಂದಿಗಾಗಲಿ ದೃಕ್ಕೇಂದ್ರ ಪಿ.ಡಿ.ಯೊಂದಿಗಾಗಲಿ ತಾಳೆಯಾಗದಿದ್ದರೆ ಮಾರಿದವರು ಬದಲಿಸಿಕೊಡಬೇಕು. ತಾಳೆಯಾದರೆ ಕಣ್ಣಿನ ಪರೀಕ್ಷೆಯನ್ನೇ ಮತ್ತೊಮ್ಮೆ ಮಾಡಿಸಬೇಕು. ಹೊಸ ಪವರಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕಾಗಬಹುದಾದರೂ ತಪಾಸಣೆಯನ್ನು ಅಲ್ಲಿಯವರೆಗೆ ಮುಂದೂಡುವ ಅಗತ್ಯವಿಲ್ಲ.

ಈ ವಿಂಗಡಣೆಗೆ ಕಾನೂನಿನಲ್ಲಿಯೂ ಬೆಲೆಯಿದೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ಬಿಲ್ಲು ಕೊಡದಿರುವುದೂ ಅದೇ ಸಾಲಿಗೆ ಸೇರುತ್ತದೆ. 2020ರ ಇ-ವಾಣಿಜ್ಯ ನಿಯಮಗಳು ಆನ್‌ಲೈನ್ ಮಾರಾಟಗಾರರಿಗೂ ಇಂಥದೇ ಹೊಣೆಯನ್ನು ಹೊರಿಸಿವೆ. ಬಣ್ಣ ಹಿಡಿಸಲಿಲ್ಲ, ಆಕಾರ ಒಪ್ಪಲಿಲ್ಲ ಎಂಬ ಕಾರಣಗಳಿಗೆ ಈ ರಕ್ಷಣೆ ದೊರೆಯದು. ಅಲ್ಲಿ ಅಂಗಡಿಯ ಸ್ವಂತ ನಿಯಮವೇ ಅಂತಿಮ. ಮಾತುಕತೆಯಿಂದ ಬಗೆಹರಿಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ, ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ನೀಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ.

ದೋಷವನ್ನು ತೋರಿಸಬೇಕಾದರೆ ಮೊದಲು ಒಪ್ಪಿಕೊಂಡ ಅಳತೆ ಯಾವುದೆಂಬುದಕ್ಕೆ ಲಿಖಿತ ಆಧಾರವಿರಬೇಕಾಗುತ್ತದೆ. ಆದ್ದರಿಂದ ಪವರ್, ಪಿ.ಡಿ., ಲೆನ್ಸಿನ ಬಗೆ ಮತ್ತು ಪ್ರೊಗ್ರೆಸಿವ್ ಆದಲ್ಲಿ ಎತ್ತರದ ಅಳತೆ, ಇವಿಷ್ಟನ್ನೂ ಹಣ ಕೊಡುವ ಮುನ್ನವೇ ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಗ್ರಾಹಕರು ವಹಿಸಬೇಕಾದ ಮೊದಲ ಎಚ್ಚರಿಕೆ. ಅಂಕಿಗಳು ಕಾಗದದ ಮೇಲಿದ್ದಾಗ ‘ಹೊಂದುತ್ತಿಲ್ಲ’ ಎಂಬ ಅಸಮಾಧಾನವನ್ನು ಪರೀಕ್ಷಿಸಿ ತೀರ್ಮಾನಿಸಲು ಅಂಗಡಿಗೂ ಆಯೋಗಕ್ಕೂ ದಾರಿ ಸಿಗುತ್ತದೆ.