ಪೇಟೆಂಟ್ ಹುಡುಕೋ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ

ಪುಲಿಕೇಶಿನಗರ, ಅಂದ್ರೆ ನಮ್ಮ ಫ್ರೇಜರ್ ಟೌನ್. ರಂಜಾನ್ ತಿಂಗಳಲ್ಲಿ ಇಲ್ಲಿನ ಮಾಸ್ಕ್ ರೋಡ್‌ಗೆ ಬಂದಿದ್ರೆ ಆ ಕಬಾಬ್ ಹೊಗೆ ನಿಮಗೂ ಗೊತ್ತು. ಅಲ್ಲಿ ಅಂಗಡಿ ಇಡೋ ನನ್ನ ಗೆಳೆಯ ಒಬ್ಬ ಹೊಸ ಒಲೆ ಮಾಡಿದಾನೆ. ಸೀಖ್ ಕಂಬಿಗಳನ್ನ ಚಿಕ್ಕ ಮೋಟಾರ್ ತಿರುಗಿಸುತ್ತೆ. ಕೊಬ್ಬು ಕೆಂಡಕ್ಕೆ ಬೀಳದೆ ಪಕ್ಕದ ತೋಡಿಗೆ ಹರಿಯುತ್ತೆ, ಹೊಗೆ ಕಡಿಮೆ.

"ಮಗಾ, ಗೂಗಲ್ ಮಾಡ್ದೆ, ಎಲ್ಲೂ ಇಲ್ಲ. ಕೂಡಿಟ್ಟ ದುಡ್ಡೆಲ್ಲ ಹಾಕಿ ಪೇಟೆಂಟ್ ಮಾಡಿಸ್ತೀನಿ" ಅಂದ. ಸ್ವಲ್ಪ ತಡಿಯಪ್ಪಾ ಅಂದೆ.

ಯಾಕೆ ಗೊತ್ತಾ? 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಶಿನ ಬಳಸೋದಕ್ಕೇ ಪೇಟೆಂಟ್ ಕೊಟ್ಟಿದ್ರು. ನಮ್ಮ ಸಿಎಸ್‌ಐಆರ್ ಹಳೇ ಸಂಸ್ಕೃತ ಗ್ರಂಥಗಳನ್ನ, 1953ರ ಒಂದು ವೈದ್ಯಕೀಯ ಲೇಖನವನ್ನ ಮುಂದಿಟ್ಟು ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು. ಅಂದ್ರೆ ಪೇಟೆಂಟ್ ಅಷ್ಟೇ ಅಲ್ಲ, ಪುಸ್ತಕ, ಲೇಖನ, ವಿಡಿಯೋ, ಜಗತ್ತಲ್ಲಿ ಎಲ್ಲೇ ಮೊದಲೇ ಬಂದಿದ್ರೂ ನಿಮ್ಮದು ಹೊಸದಲ್ಲ. ಇದನ್ನೇ ಪ್ರಯರ್ ಆರ್ಟ್ ಅಂತಾರೆ.

ಹಾಗಾಗಿ ಇಬ್ಬರೂ ನೋಟ್‌ಬುಕ್ ಹಿಡಿದು ಕೂತ್ವಿ.

ಒಂದು: ಒಲೆಯನ್ನ ಬಿಡಿಬಿಡಿಯಾಗಿ ಬರೆದ್ವಿ. ಕಂಬಿ, ಮೋಟಾರ್, ತೋಡು. ಪ್ರತಿಯೊಂದರ ಮುಂದೆ ಅದು ಏನು ಕೆಲಸ ಮಾಡುತ್ತೆ, ಯಾವ ತೊಂದರೆ ತಪ್ಪಿಸುತ್ತೆ ಅಂತ.

ಎರಡು: ಪದಗಳ ಪಟ್ಟಿ. ಇಲ್ಲೇ ಎಲ್ಲರೂ ಎಡವೋದು. ನಾವು ಸೀಖ್ ಅಂತೀವಿ. ಪೇಟೆಂಟ್ ಬರೆಯೋರು ಸ್ಕ್ಯೂವರ್, ಸ್ಪಿಟ್, ರೊಟಿಸ್ಸರಿ ಅಂತ ಬರೀತಾರೆ. ನಿಮ್ಮ ಪದ ಸಿಗಲಿಲ್ಲ ಅಂದ್ರೆ ವಸ್ತುವೇ ಇಲ್ಲ ಅಂತಲ್ಲ.

ಮೂರು: ವರ್ಗದ ಸಂಖ್ಯೆ. ಎಲ್ಲ ಪೇಟೆಂಟ್‌ಗೂ ಅಂತರರಾಷ್ಟ್ರೀಯ ವರ್ಗೀಕರಣದ ಒಂದು ಸಂಕೇತ ಇರುತ್ತೆ. ತಿರುಗೋ ಕಂಬಿಯ ಒಲೆಗಳು ಎ47ಜೆ 37/04ರಲ್ಲಿ ಬರುತ್ತವೆ. ಭಾಷೆ ಯಾವುದಾದ್ರೂ ಸಂಕೇತ ಒಂದೇ.

ನಾಲ್ಕು: ಎಲ್ಲಿ, ಯಾವ ಪದ ಹಾಕಿ, ಯಾವ ದಿನ ನೋಡಿದ್ರಿ, ಏನು ಸಿಕ್ತು ಅಂತ ಬರೆದಿಡಿ. ಗೂಗಲ್ ಪೇಟೆಂಟ್ಸ್, ಎಸ್ಪಾಸ್‌ನೆಟ್, ಪೇಟೆಂಟ್‌ಸ್ಕೋಪ್, ಭಾರತದ ಇನ್‌ಪಾಸ್, ಎಲ್ಲ ಉಚಿತ. ಸಹಾಯ ಬೇಕಂದ್ರೆ ಐಐಎಸ್‌ಸಿ ಆವರಣದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ.

ಎರಡು ಎಚ್ಚರಿಕೆ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳು ಪ್ರಕಟವಾಗಲ್ಲ, ಹಾಗಾಗಿ ತೀರಾ ಹೊಸ ಅರ್ಜಿಗಳು ಯಾರ ಕಣ್ಣಿಗೂ ಬೀಳಲ್ಲ. ಇನ್ನೊಂದು, ಅರ್ಜಿ ಹಾಕೋ ಮುಂಚೆ ರೀಲ್ ಹಾಕ್ಬೇಡಿ. ನಿಮ್ಮ ವಿಡಿಯೋನೇ ನಿಮಗೆ ಪ್ರಯರ್ ಆರ್ಟ್ ಆಗಿಬಿಡಬಹುದು. ಗೆಳೆಯ ಅಪ್‌ಲೋಡ್ ಮಾಡೋಕೆ ರೆಡಿ ಇದ್ದ, ತಡೆದೆ.

ಆ ಸಂಜೆ ಹುಡುಕಿದಾಗ ಏನಾಯ್ತು? ಮೋಟಾರ್‌ನಿಂದ ಕಂಬಿ ತಿರುಗಿಸೋದು ತುಂಬಾ ಹಳೇದು. ಅವನ ಮುಖ ಸಣ್ಣದಾಯ್ತು. ಆದ್ರೆ ಅವನು ತೋಡು ಕೂರಿಸಿರೋ ರೀತಿ ಇನ್ನೂ ಎಲ್ಲೂ ಕಂಡಿಲ್ಲ. ಈಗ ನಮ್ಮ ಹುಡುಕಾಟ ಪೂರ್ತಿ ಅದರ ಮೇಲೆ. ಅಲ್ಲಿವರೆಗೂ ದುಡ್ಡು ಅವನ ಹತ್ರಾನೇ ಇರುತ್ತೆ.

ನಿಮ್ಮ ತಲೇಲೂ ಒಂದು ಐಡಿಯಾ ಇದ್ರೆ ಇವತ್ತು ರಾತ್ರಿ ಮೊದಲನೇ ಪುಟ ಬರೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.